ಮಣ್ಣು ನೀರನ್ನು ಹಿಡಿಯುವ ಲೆಕ್ಕ, ಬಿಡುವ ಲೆಕ್ಕ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಣ್ಣಿನೊಳಗೆ ನೀರು ಹೇಗೆ ಓಡಾಡುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಕೇಳಲು ಬರುವವರು ಮಾತ್ರ ಒಂದೇ ಥರದವರಲ್ಲ. ಸಿವಿಲ್ ಓದುವ ಹುಡುಗರು, ಕೃಷಿ ಓದುವವರು, ಬೇಸ್‌ಮೆಂಟ್ ಅಗೆಸುವ ಸೈಟ್ ಇಂಜಿನಿಯರ್‌ಗಳು, ಟೆರೇಸ್ ತೋಟದವರು, ಇಂಗುಬಾವಿ ತೋಡಿಸಲು ಹೊರಟ ಅಪಾರ್ಟ್‌ಮೆಂಟ್ ಸಂಘದವರು. ಯಾರು ಏನೇ ಕೇಳಲಿ, ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ. ಸಾಫ್ಟ್‌ವೇರ್ ಸುಲಭ. ನಿಮ್ಮ ಸ್ವಂತ ಮಣ್ಣಿನ ಎರಡು ಗೆರೆಗಳನ್ನು ಸರಿಯಾಗಿ ಎಳೆಯುವುದು ಕಷ್ಟ. ಆ ಗೆರೆಗಳು ಯಾವುವು ಅಂತ ಕೆಳಗೆ ಬರುತ್ತದೆ.

ಅಪರ್ಯಾಪ್ತ ಮಣ್ಣು ಅಂದರೆ ಯಾವುದು? ಒಣ ಮಣ್ಣಾ?

ಅಲ್ಲ. ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಎರಡೂ ಇರುವ ಮಣ್ಣು. ಅಂದರೆ ಅರೆ ನೆಂದ ಮಣ್ಣು. ಪೂರ್ತಿ ನೀರು ತುಂಬಿದ್ದು ಅಂತರ್ಜಲದ ಮಟ್ಟದ ಕೆಳಗೆ. ಅದರ ಮೇಲಿರುವುದೆಲ್ಲ ಹೆಚ್ಚೂಕಡಿಮೆ ಅರೆ ನೆಂದದ್ದೇ. ಕಬ್ಬನ್ ಪಾರ್ಕಿನ ಮರಗಳ ಬೇರು, ನಿಮ್ಮ ಮನೆಯ ಪಾಯ, ಹೊಸಕೋಟೆ ಕಡೆಯ ರಾಗಿ ಹೊಲ, ಎಲ್ಲ ಇರುವುದು ಈ ಪದರದಲ್ಲಿ. ಮಾರ್ಚ್ ತಿಂಗಳಲ್ಲಿ ಧೂಳೇಳುವ ಮಣ್ಣನ್ನೂ ಒಲೆಯಲ್ಲಿ ಕಾಯಿಸಿ ತೂಗಿದರೆ ತೂಕ ಕಡಿಮೆಯಾಗುತ್ತದೆ. ಅಷ್ಟು ನೀರು ಅದರಲ್ಲಿ ಇನ್ನೂ ಇತ್ತು.

ನೀರು ಕೆಳಗೆ ಬಿದ್ದುಹೋಗದೆ ಮಣ್ಣಿನಲ್ಲೇ ನಿಲ್ಲುವುದು ಹೇಗೆ?

ಎರಡು ಕಾರಣ. ಕಣದ ಮೈಗೆ ನೀರು ತೆಳ್ಳಗೆ ಅಂಟಿಕೊಳ್ಳುತ್ತದೆ. ಕಣಗಳ ನಡುವಿನ ಸಂದಿನಲ್ಲಿ ಮೇಲ್ಮೈ ಎಳೆತ ಅದನ್ನು ಹಿಡಿದಿಡುತ್ತದೆ. ಸಂದು ಸಣ್ಣದಾದಷ್ಟೂ ಹಿಡಿತ ಬಿಗಿ. 0.1 ಮಿ.ಮೀ. ಅಗಲದ ಸಂದು ಸುಮಾರು 30 ಸೆಂ.ಮೀ. ಎತ್ತರದ ನೀರನ್ನು ಎತ್ತಿ ಹಿಡಿಯಬಲ್ಲದು. 0.01 ಮಿ.ಮೀ. ಸಂದಿಗೆ ಅದು 3 ಮೀಟರ್.

ಈ ಹಿಡಿತವನ್ನೇ ಸಕ್ಷನ್ ಅನ್ನುತ್ತೇವೆ. ನೀರಿನ ಒತ್ತಡ ಗಾಳಿಯ ಒತ್ತಡಕ್ಕಿಂತ ಎಷ್ಟು ಕಡಿಮೆ ಇದೆ ಅನ್ನುವ ಲೆಕ್ಕ ಅದು. ಕಿಲೋಪ್ಯಾಸ್ಕಲ್‌ನಲ್ಲಿ ಹೇಳಬಹುದು, ನೀರಿನ ಎತ್ತರವಾಗಿ ಸೆಂಟಿಮೀಟರ್‌ನಲ್ಲೂ ಹೇಳಬಹುದು. 10 ಕಿಲೋಪ್ಯಾಸ್ಕಲ್ ಅಂದರೆ ಸುಮಾರು 1 ಮೀಟರ್ ನೀರು. ಮಳೆ ನಿಂತು ಹೆಚ್ಚಿನ ನೀರು ಬಸಿದುಹೋದ ಮೇಲೆ ಉಳಿಯುವ ಹದವನ್ನು ಸಾಮಾನ್ಯವಾಗಿ 33 ಕಿಲೋಪ್ಯಾಸ್ಕಲ್ ಅಂತ ಹಿಡಿಯುತ್ತಾರೆ. ಮರಳು ಮಣ್ಣಾದರೆ 10. ಗಿಡ ಬಾಡಿ ಮತ್ತೆ ಚೇತರಿಸಿಕೊಳ್ಳದ ಹಂತ 1500 ಕಿಲೋಪ್ಯಾಸ್ಕಲ್, ಅಂದರೆ 150 ಮೀಟರ್ ನೀರಿನಷ್ಟು ಎಳೆತ. ಬೇರು ಇದರ ಎದುರು ಜಗ್ಗಬೇಕು.

ತೇವಾಂಶ ಎಷ್ಟು ಪರ್ಸೆಂಟ್ ಅಂತ ಸೆನ್ಸರ್ ತೋರಿಸುತ್ತದೆ. ಅಷ್ಟು ಗೊತ್ತಿದ್ದರೆ ಸಾಲದಾ?

ಸಾಲದು. 20 ಪರ್ಸೆಂಟ್ ನೀರಿರುವ ಮರಳಿನಲ್ಲಿ ಗಿಡಕ್ಕೆ ಹಬ್ಬ. ಅದೇ 20 ಪರ್ಸೆಂಟ್ ಇರುವ ಎರೆ ಮಣ್ಣಿನಲ್ಲಿ ಗಿಡ ಬಾಡಿ ನಿಂತಿರುತ್ತದೆ. ಎರಡನ್ನೂ ಅಕ್ಕಪಕ್ಕ ಅಂಟಿಸಿ ಇಟ್ಟರೆ ನೀರು ಮರಳಿನಿಂದ ಎರೆ ಮಣ್ಣಿಗೆ ಹರಿಯುತ್ತದೆ, ಎರಡರಲ್ಲೂ ಅಷ್ಟೇ ಪರ್ಸೆಂಟ್ ಇದ್ದರೂ. ನೀರನ್ನು ಎಳೆಯುವುದು ಪರ್ಸೆಂಟ್ ಅಲ್ಲ, ಸಕ್ಷನ್.

ಹಾಗಾಗಿ ಇಂತಿಷ್ಟು ಸಕ್ಷನ್‌ನಲ್ಲಿ ಇಂತಿಷ್ಟು ನೀರು ಅಂತ ಹೇಳುವ ಗೆರೆ ಬೇಕು. ಅದು ಮೊದಲನೇ ಗೆರೆ, ನೀರು ಹಿಡಿಯುವ ಗೆರೆ. ಇಂತಿಷ್ಟು ಸಕ್ಷನ್‌ನಲ್ಲಿ ಮಣ್ಣು ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅಂತ ಹೇಳುವುದು ಎರಡನೇ ಗೆರೆ. ಅದನ್ನು ವಾಹಕತೆ ಅನ್ನೋಣ.

ಎರಡನೇ ಗೆರೆ ಯಾಕೆ ಅಷ್ಟು ಮುಖ್ಯ? ಮಣ್ಣು ಒಣಗಿದರೆ ನೀರು ಸ್ವಲ್ಪ ನಿಧಾನ ಆಗಬಹುದು ಅಷ್ಟೇ ಅಲ್ವಾ?

ಸ್ವಲ್ಪ ಅಲ್ಲ. ಸಂಖ್ಯೆ ಹಾಕಿ ನೋಡಿದರೆ ಮಾತ್ರ ನಂಬಿಕೆ ಬರುತ್ತದೆ.

1988ರಲ್ಲಿ ಕಾರ್ಸೆಲ್ ಮತ್ತು ಪ್ಯಾರಿಶ್ ಎಂಬಿಬ್ಬರು ಅಮೆರಿಕದ ಮಣ್ಣುಗಳಿಗೆ ಈ ಎರಡು ಗೆರೆ ಎಳೆಯಲು ಬೇಕಾದ ಸಂಖ್ಯೆಗಳ ಸರಾಸರಿ ಬೆಲೆಗಳ ಪಟ್ಟಿ ಮಾಡಿದರು. ಇವತ್ತಿಗೂ ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಅದರಲ್ಲಿ ಗೋಡು ಮಣ್ಣು (ಲೋಮ್, ಮರಳು ಹೂಳು ಜೇಡಿ ಕಲೆತದ್ದು) ಪೂರ್ತಿ ನೆಂದಾಗ 43 ಪರ್ಸೆಂಟ್ ನೀರು ಹಿಡಿಯುತ್ತದೆ, ದಿನಕ್ಕೆ ಸುಮಾರು 25 ಸೆಂ.ಮೀ. ನೀರು ಬಿಡುತ್ತದೆ. ಸಕ್ಷನ್ ಅನ್ನು 100 ಸೆಂ.ಮೀ.ಗೆ ಏರಿಸಿ ಲೆಕ್ಕ ಹಾಕಿ. ನೀರು 24 ಪರ್ಸೆಂಟ್‌ಗೆ ಇಳಿಯುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ ಇನ್ನೂ ಉಳಿದಿದೆ. ಆದರೆ ವಾಹಕತೆ ದಿನಕ್ಕೆ 0.034 ಸೆಂ.ಮೀ. ಆಗುತ್ತದೆ. ಏಳುನೂರು ಪಟ್ಟಿಗೂ ಜಾಸ್ತಿ ಇಳಿಕೆ! ದೊಡ್ಡ ಸಂದುಗಳು ಮೊದಲು ಖಾಲಿಯಾಗುತ್ತವೆ. ನೀರು ಜೋರಾಗಿ ಹರಿಯುತ್ತಿದ್ದದ್ದು ಅವುಗಳಲ್ಲೇ. ಉಳಿದ ನೀರು ಸಣ್ಣ ಸಂದುಗಳಲ್ಲಿ ಸುತ್ತಿ ಬಳಸಿ ಹೋಗಬೇಕು.

ಮರಳಿನ ಕಥೆ ಇನ್ನೂ ವಿಚಿತ್ರ. ಅದೇ ಪಟ್ಟಿಯ ಮರಳು ನೆಂದಾಗ ದಿನಕ್ಕೆ 713 ಸೆಂ.ಮೀ. ಬಿಡುತ್ತದೆ, ಗೋಡು ಮಣ್ಣಿನ ಸುಮಾರು ಮೂವತ್ತು ಪಟ್ಟು. 100 ಸೆಂ.ಮೀ. ಸಕ್ಷನ್‌ನಲ್ಲಿ ಅದೇ ಮರಳು ಗೋಡು ಮಣ್ಣಿಗಿಂತ ಹತ್ತಿರಹತ್ತಿರ ಎರಡು ಸಾವಿರ ಪಟ್ಟು ಕಡಿಮೆ ಬಿಡುತ್ತದೆ. ಮರಳಲ್ಲಿ ನೀರು ಬೇಗ ಹರಿಯುತ್ತದೆ ಅನ್ನುವ ಮಾತು ಒದ್ದೆ ಮರಳಿಗೆ ಮಾತ್ರ ಸರಿ. ಕುಂಡದ ಪ್ರಶ್ನೆಗೆ ಬಂದಾಗ ಇದು ಕೆಲಸಕ್ಕೆ ಬರುತ್ತದೆ.

ರಿಚರ್ಡ್ಸ್ ಸಮೀಕರಣ ಅಂದರೆ ಭಯ. ಸರಳವಾಗಿ ಹೇಳಿ.

ಒಂದು ತೆಳು ಪದರ ಮಣ್ಣು ತೆಗೆದುಕೊಳ್ಳಿ. ಒಳಗೆ ಬಂದ ನೀರಿನಿಂದ ಹೊರಗೆ ಹೋದ ನೀರು ಕಳೆದರೆ ಉಳಿದದ್ದು ಅಲ್ಲೇ ಇರಬೇಕು. ಇದು ಮೊದಲ ಮಾತು. ನೀರು ಹರಿಯುವ ವೇಗ ಅಂದರೆ ವಾಹಕತೆ ಗುಣಿಸು ಎಳೆತದ ಇಳಿಜಾರು. ಇದು ಎರಡನೇ ಮಾತು. ಎಳೆತದಲ್ಲಿ ಸಕ್ಷನ್ ಮತ್ತು ಭೂಮಿಯ ಗುರುತ್ವ ಎರಡೂ ಸೇರುತ್ತವೆ. ಈ ಎರಡು ಮಾತನ್ನು ಕೂಡಿಸಿದರೆ ರಿಚರ್ಡ್ಸ್ ಸಮೀಕರಣ. ಅಷ್ಟೇ.

ಎರಡನೇ ಮಾತಿನ ಮೂಲ ಫ್ರಾನ್ಸಿನ ಡಿಜೋನ್ ಊರಿನ ಇಂಜಿನಿಯರ್ ಹೆನ್ರಿ ಡಾರ್ಸಿ. ಅವರು 1856ರಲ್ಲಿ ಪ್ರಕಟಿಸಿದ್ದು ನೀರು ತುಂಬಿದ ಮರಳಿನ ಲೆಕ್ಕ. ಅರೆ ನೆಂದ ಮಣ್ಣಿಗೆ ಅದನ್ನು ತಂದವರು ಅಮೆರಿಕದ ಎಡ್ಗರ್ ಬಕಿಂಗ್‌ಹ್ಯಾಮ್, 1907ರಲ್ಲಿ. ಲೊರೆಂಜೊ ರಿಚರ್ಡ್ಸ್ 1931ರಲ್ಲಿ ಪೂರ್ತಿ ಸಮೀಕರಣ ಬರೆದರು. ಹವಾಮಾನದ ಲೆಕ್ಕ ಹಾಕುತ್ತಿದ್ದ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲೇ ಹೆಚ್ಚೂಕಡಿಮೆ ಇದನ್ನೇ ಬರೆದಿದ್ದರು. ಹೆಸರು ಮಾತ್ರ ರಿಚರ್ಡ್ಸ್ ಪಾಲಾಯಿತು.

ಇದರಲ್ಲಿ ಕಷ್ಟ ಇರುವುದು ಒಂದೇ ಕಡೆ. ವಾಹಕತೆ ಸಕ್ಷನ್ ಮೇಲೆ ನಿಂತಿದೆ, ಆ ಸಕ್ಷನ್ನೇ ನಾವು ಹುಡುಕುತ್ತಿರುವುದು. ಹಾಗಾಗಿ ಕೈಯಲ್ಲಿ ಬಿಡಿಸಲು ಆಗುವುದು ಬೆರಳೆಣಿಕೆಯ ಸಂದರ್ಭಗಳಲ್ಲಿ ಮಾತ್ರ.

ವ್ಯಾನ್ ಗೆನುಖ್ಟನ್ ಮಾಡೆಲ್‌ನ ಆಲ್ಫಾ, ಎನ್ ಅಂದರೆ ಏನು? ಸುಮ್ನೆ ಫಿಟ್ ಮಾಡುವ ಸಂಖ್ಯೆಗಳಾ?

ಸುಮ್ನೆ ಅಲ್ಲ, ಆದರೆ ಪೂರ್ತಿ ಭೌತಶಾಸ್ತ್ರವೂ ಅಲ್ಲ. 1980ರಲ್ಲಿ ವ್ಯಾನ್ ಗೆನುಖ್ಟನ್ ಮೊದಲ ಗೆರೆಗೆ ಒಂದು ನುಣುಪಾದ ಎಸ್ ಆಕಾರದ ಸೂತ್ರ ಕೊಟ್ಟರು. ಆಲ್ಫಾದ ಮಗುಚು ಸಂಖ್ಯೆ (1/ಆಲ್ಫಾ), ಮಣ್ಣಿನೊಳಗೆ ಗಾಳಿ ನುಗ್ಗಲು ಶುರುವಾಗುವ ಸಕ್ಷನ್‌ನ ಆಸುಪಾಸು ಇರುತ್ತದೆ. ಅಂದರೆ ದೊಡ್ಡ ಸಂದಿನ ಗುರುತು. ಎನ್ ಹೇಳುವುದು ಸಂದುಗಳೆಲ್ಲ ಒಂದೇ ಅಳತೆಯವಾ, ಅಥವಾ ಚಿಕ್ಕದು ದೊಡ್ಡದು ಕಲಸಿದೆಯಾ ಅಂತ. ಆ ಪಟ್ಟಿಯ ಮರಳಿಗೆ ಎನ್ 2.68, ಜೇಡಿಗೆ 1.09.

ಸೂತ್ರ ಜನಪ್ರಿಯ ಆಗಿದ್ದು ಚಂದ ಇದೆ ಅಂತಲ್ಲ. ಮುವಾಲೆಮ್ 1976ರಲ್ಲಿ ಕೊಟ್ಟ ವಾಹಕತೆಯ ಮಾಡೆಲ್ ಜೊತೆ ಜೋಡಿಸಿದರೆ ಎರಡನೇ ಗೆರೆ ಕೂಡ ಅದೇ ಸಂಖ್ಯೆಗಳಿಂದ ಸಿಗುತ್ತದೆ. ಒಂದನ್ನು ಅಳೆದರೆ ಇನ್ನೊಂದು ಪುಕ್ಕಟೆ! ಅದೇ ಅದರ ಅನುಕೂಲ, ಅದೇ ಅದರ ಅಪಾಯ. ಬ್ರೂಕ್ಸ್ ಮತ್ತು ಕೋರಿಯವರ 1964ರ ಸೂತ್ರವೂ ಇದೆ, ಗಾಳಿ ನುಗ್ಗುವ ಬಿಂದು ಅದರಲ್ಲಿ ಚೂಪಾಗಿ ಕಾಣುತ್ತದೆ. ಮರಳಿಗೆ ನನಗೆ ಅದೇ ಇಷ್ಟ.

ನಮ್ಮ ಕೆಂಪು ಮಣ್ಣಿನ ಮರಳು, ಹೂಳು, ಜೇಡಿ ಪ್ರಮಾಣ ಗೊತ್ತು. ಪಟ್ಟಿಯಿಂದ ಬೆಲೆ ಎತ್ತಿ ಹಾಕಿದರೆ ಆಗಲ್ವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ಹಾಳಾಗುವ ಪ್ರಾಜೆಕ್ಟುಗಳೂ ಇಲ್ಲೇ.

ಆ ಪಟ್ಟಿಯ ಮಣ್ಣು ನಮ್ಮ ಮಣ್ಣಲ್ಲ. ಬೆಂಗಳೂರಿನ ಕೆಂಪು ಮಣ್ಣು ಲಾಲ್‌ಬಾಗ್ ಬಂಡೆಯಂಥ ಹಳೆಯ ನೈಸ್ ಕಲ್ಲು ಬಿಸಿಲು ಮಳೆಗೆ ಕೊಳೆತು ಆದದ್ದು. ಇದರ ಜೇಡಿ ಹೆಚ್ಚಾಗಿ ಕಯೋಲಿನೈಟ್. ಎರೆ ಮಣ್ಣಿನ ಜೇಡಿಯ ಹಾಗೆ ಉಬ್ಬಿ ಕುಗ್ಗುವ ಜಾತಿಯಲ್ಲ. ಜೊತೆಗೆ ಕಬ್ಬಿಣದ ಆಕ್ಸೈಡ್ ಇದೆ, ಬಣ್ಣ ಕೊಡುವುದು ಅದೇ. ಈ ಆಕ್ಸೈಡ್ ಜೇಡಿಯ ಕಣಗಳನ್ನು ಸಣ್ಣ ಸಣ್ಣ ಉಂಡೆಗಳಾಗಿ ಅಂಟಿಸುತ್ತದೆ. ಪರಿಣಾಮ ಏನು? ಉಂಡೆ ಉಂಡೆಗಳ ನಡುವೆ ದೊಡ್ಡ ಸಂದು, ಉಂಡೆಯ ಒಳಗೆ ಅತಿ ಸಣ್ಣ ಸಂದು. ನಡುವಿನ ಅಳತೆಯವು ಕಡಿಮೆ.

ಇಂಥ ಮಣ್ಣು ಒದ್ದೆ ಇದ್ದಾಗ ಮರಳಿನ ಹಾಗೆ ಬೇಗ ಬಸಿಯುತ್ತದೆ. ಒಣಗಿದ ಮೇಲೆ ಜೇಡಿಯ ಹಾಗೆ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಗಿಡಕ್ಕೂ ಕೊಡುವುದಿಲ್ಲ. ಒಂದೇ ಎಸ್ ಗೆರೆ ಇದಕ್ಕೆ ಸಾಕಾಗುವುದಿಲ್ಲ, ಎರಡು ಮೆಟ್ಟಿಲಿನ ಗೆರೆ ಬೇಕಾಗುತ್ತದೆ. ಜೇಡಿ ಇಷ್ಟು ಪರ್ಸೆಂಟ್ ಇದೆ ಅಂತ ಪಟ್ಟಿಯ ಜೇಡಿ ಮಣ್ಣಿನ ಬೆಲೆ ಹಾಕಿದರೆ, ಮಾಡೆಲ್ ನೀರು ಬಸಿಯುವುದನ್ನು ಕಡಿಮೆ ತೋರಿಸುತ್ತದೆ, ಗಿಡಕ್ಕೆ ಸಿಗುವ ನೀರನ್ನು ಜಾಸ್ತಿ ತೋರಿಸುತ್ತದೆ. ಈ ಪ್ರಮಾಣಗಳಿಂದ ಬೆಲೆಗಳನ್ನು ಅಂದಾಜು ಮಾಡುವ ರೊಸೆಟ್ಟಾ ಥರದ ತಂತ್ರಾಂಶಕ್ಕೂ ಇದೇ ಮಿತಿ. ಅದು ಕಲಿತದ್ದು ಬಹುಪಾಲು ಅಮೆರಿಕ, ಯುರೋಪಿನ ಮಣ್ಣಿನಿಂದ.

ಇನ್ನೊಂದು ತೊಡಕು ಆಳದ್ದು. ನಮ್ಮ ಕೆಂಪು ಮಣ್ಣಿನಲ್ಲಿ ಮೇಲೆ ಮರಳು ಜಾಸ್ತಿ, ಕೆಳಗೆ ಹೋದಂತೆ ಜೇಡಿ ಹೆಚ್ಚು, ಅದರ ಕೆಳಗೆ ಗರಸು, ಆಮೇಲೆ ಕೊಳೆತ ಕಲ್ಲು. ಒಂದು ಚೀಲ ಮೇಲ್ಮಣ್ಣು ತಂದು ಐದು ಮೀಟರ್‌ಗೂ ಅದೇ ಬೆಲೆ ಹಾಕಿದರೆ ಲೆಕ್ಕ ಯಾವ ಸೈಟಿನದ್ದೂ ಆಗುವುದಿಲ್ಲ. ಮಣ್ಣು ಸಮೀಕ್ಷೆಯ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹೆಬ್ಬಾಳದಲ್ಲೇ ಇದೆ. ಪದರಗಳ ವಿವರ ತಿಳಿಯಲು ಪಟ್ಟಿಗಿಂತ ಮೊದಲು ಅತ್ತ ಹೋಗಿ.

ಪ್ರೆಶರ್ ಪ್ಲೇಟ್ ಉಪಕರಣ ಇಲ್ಲದ ಕಾಲೇಜಿನಲ್ಲಿ ಮೊದಲ ಗೆರೆ ಅಳೆಯುವುದು ಹೇಗೆ?

ಫಿಲ್ಟರ್ ಪೇಪರ್ ವಿಧಾನ. ಅಗ್ಗ, ನಂಬಬಹುದು, ತಾಳ್ಮೆ ಬೇಕು.

ವಾಟ್ಮನ್ 42 ಕಾಗದ ತೆಗೆದುಕೊಳ್ಳಿ. ಮೂರು ಕಾಗದವನ್ನು ಒಂದರ ಮೇಲೊಂದು ಇಟ್ಟು ಎರಡು ಮಣ್ಣಿನ ಬಿಲ್ಲೆಗಳ ನಡುವೆ ಸೇರಿಸಿ. ಅಳೆಯುವುದು ನಡುವಿನದನ್ನು ಮಾತ್ರ. ಮೇಲಿನ ಕೆಳಗಿನ ಎರಡು ಅದಕ್ಕೆ ಮಣ್ಣು ಮೆತ್ತದ ಹಾಗೆ ಕಾಯುತ್ತವೆ. ಬಿಲ್ಲೆಗಳನ್ನು ಟೇಪ್‌ನಿಂದ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ತಾಪ ಏರಿಳಿಯದ ಕಡೆ ಒಂದು ವಾರ ಬಿಡಿ. ಥರ್ಮೋಕೋಲ್ ಪೆಟ್ಟಿಗೆ ಸಾಕು, ಕಿಟಕಿ ಪಕ್ಕ ಬೇಡ. ವಾರದಲ್ಲಿ ಕಾಗದದ ಸಕ್ಷನ್ ಮಣ್ಣಿನ ಸಕ್ಷನ್‌ಗೆ ಸಮ ಆಗುತ್ತದೆ.

ಆಮೇಲೆ ನಡುವಿನ ಕಾಗದವನ್ನು ಚಿಮಟಿಗೆಯಿಂದ ಎತ್ತಿ ತೂಗಿ. ಇಲ್ಲೇ ಎಡವುವುದು. 55 ಮಿ.ಮೀ. ಅಗಲದ ಒಣ ಕಾಗದದ ತೂಕ ಕಾಲು ಗ್ರಾಂ ಕೂಡ ಇಲ್ಲ. ಬೆರಳಲ್ಲಿ ಮುಟ್ಟಿದರೆ ಬೆವರು ಸೇರುತ್ತದೆ, ಫ್ಯಾನ್ ಕೆಳಗೆ ಹಿಡಿದರೆ ನೀರು ಹಾರುತ್ತದೆ. ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗವನ್ನೂ ತೋರಿಸುವ ತಕ್ಕಡಿ ಬೇಕು. ತೂಗುವ ಡಬ್ಬಿಯನ್ನು ಮೊದಲೇ ತೂಗಿಟ್ಟುಕೊಂಡು, ಕಾಗದ ಒಳಗೆ ಹಾಕಿ ಕೂಡಲೇ ಮುಚ್ಚಳ ಮುಚ್ಚಬೇಕು. ಒಬ್ಬರು ಬಿಚ್ಚಲಿ, ಇನ್ನೊಬ್ಬರು ತೂಗಲಿ. ಆಮೇಲೆ ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿದರೆ ಕಾಗದದ ತೇವ ಸಿಗುತ್ತದೆ.

ಸಕ್ಷನ್‌ಗೆ ಬದಲಿಸಲು ಸಿದ್ಧ ಸೂತ್ರ ಇದೆ. ಕಾಗದದ ತೇವ 40 ಪರ್ಸೆಂಟ್ ಇದ್ದರೆ ಸಕ್ಷನ್ ಸುಮಾರು 160 ಕಿಲೋಪ್ಯಾಸ್ಕಲ್, 30 ಇದ್ದರೆ ಸುಮಾರು 980. ಈ ಭಾಗದಲ್ಲಿ ತೂಕ 5 ಮಿಲಿಗ್ರಾಂ ತಪ್ಪಿದರೆ ಸಕ್ಷನ್ ಒಂದೂವರೆ ಪಟ್ಟಿನಷ್ಟು ಆಚೀಚೆ ಆಗುತ್ತದೆ. ಚಿಮಟಿಗೆ ಯಾಕೆ ಅಂತ ಗೊತ್ತಾಯಿತಲ್ಲ.

ಮಣ್ಣಿನ ಮಾದರಿ ಮಾತ್ರ ಅದು ಇದ್ದ ಹಾಗೇ ಬರಬೇಕು. ಪುಡಿ ಮಾಡಿ ಜರಡಿ ಹಿಡಿದರೆ ಆ ಉಂಡೆಗಳ ನಡುವಿನ ಸಂದುಗಳೇ ಹೋದವು. ಆಮೇಲೆ ಅಳೆದದ್ದು ಯಾವ ಹೊಲದ ಮಣ್ಣೂ ಅಲ್ಲ.

ನಮ್ಮ ಟೆನ್ಶಿಯೋಮೀಟರ್ ಬೆಂಗಳೂರಿನಲ್ಲಿ 80 ಕಿಲೋಪ್ಯಾಸ್ಕಲ್ ಹತ್ತಿರ ಬಂದು ನಿಂತುಬಿಡುತ್ತದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಟೆನ್ಶಿಯೋಮೀಟರ್ ಅಳೆಯುವುದು ಮಣ್ಣಿನ ನೀರಿನ ಒತ್ತಡ ಗಾಳಿಯ ಒತ್ತಡಕ್ಕಿಂತ ಎಷ್ಟು ಕಡಿಮೆ ಅಂತ, ಅಂದರೆ ಸಕ್ಷನ್. ಗಾಳಿಯ ಒತ್ತಡಕ್ಕಿಂತ ಜಾಸ್ತಿ ಅದು ಇಳಿಯಲಾರದು, ಅಷ್ಟರೊಳಗೆ ಒಳಗಿನ ನೀರಿನಲ್ಲಿ ಗುಳ್ಳೆ ಏಳುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು, ಮಂಗಳೂರಿಗಿಂತ ಹತ್ತರಷ್ಟು ಕಡಿಮೆ. ಉಪಕರಣದ ಪುಸ್ತಕದಲ್ಲಿ ಬರೆದ ಮಿತಿಯಿಂದ ಆ ಹತ್ತನ್ನು ಕಳೆಯಿರಿ. ಮುಳ್ಳು ಹಿಂದಕ್ಕೆ ಬರತೊಡಗಿದರೆ ಮಾತ್ರ ನೀರು ತುಂಬಿಸಿ ಗುಳ್ಳೆ ತೆಗೆಯಿರಿ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಲ್ವಾ? ಎಲ್ಲರೂ ಹಾಗೇ ಹೇಳುತ್ತಾರೆ.

ಎಲ್ಲರೂ ಹೇಳುತ್ತಾರೆ, ಆದರೆ ಆಗುವುದು ಉಲ್ಟಾ. ಮೇಲಿನ ಮಣ್ಣಿನ ಸಂದು ಸಣ್ಣದು, ಜಲ್ಲಿಯ ಸಂದು ದೊಡ್ಡದು. ಒಂದೆರಡು ಸೆಂಟಿಮೀಟರ್ ಸಕ್ಷನ್ ಬಂದರೂ ಜಲ್ಲಿಯ ಸಂದು ಖಾಲಿ, ವಾಹಕತೆ ಹೆಚ್ಚೂಕಡಿಮೆ ಸೊನ್ನೆ. ಮಣ್ಣಿನ ತಳ ಪೂರ್ತಿ ನೆಂದು ಸಕ್ಷನ್ ಸೊನ್ನೆ ಆಗುವವರೆಗೆ ಒಂದು ತೊಟ್ಟೂ ಜಲ್ಲಿಗೆ ಇಳಿಯುವುದಿಲ್ಲ. ಒಗೆದ ಟವೆಲ್ ತಂತಿಗೆ ಹಾಕಿದಾಗ ಕೆಳಗಿನ ಅಂಚು ಕೊನೆಯವರೆಗೂ ಒದ್ದೆ ಇರುತ್ತದಲ್ಲ, ಮಣ್ಣಿನ ತಳದಲ್ಲೂ ಹಾಗೇ ಒಂದು ಒದ್ದೆ ಪಟ್ಟಿ ನಿಲ್ಲುತ್ತದೆ. ಜಲ್ಲಿ ಹಾಕಿ ನೀವು ಮಾಡಿದ್ದು ಆ ಪಟ್ಟಿಯನ್ನು ಬೇರಿನ ಹತ್ತಿರಕ್ಕೆ ಎತ್ತಿದ್ದು.

ತೂತು ಮುಚ್ಚದಿರಲು ಒಂದು ಹೆಂಚಿನ ಚೂರು ಸಾಕು. ಬಸಿಯಬೇಕಾದರೆ ಕುಂಡ ಆಳ ಇರಲಿ, ಮಣ್ಣಿನ ಮಿಶ್ರಣವೇ ದಪ್ಪ ಕಣದ್ದಾಗಿರಲಿ. ಕಸದ ಗುಡ್ಡೆಗೆ ಮಳೆ ನೀರು ಇಳಿಯದಂತೆ ಮುಚ್ಚುವಾಗ ಇಂಜಿನಿಯರ್‌ಗಳು ಇದೇ ಗುಣವನ್ನು ಬೇಕೆಂದೇ ಬಳಸುತ್ತಾರೆ: ಮೇಲೆ ನಯ ಮಣ್ಣು, ಕೆಳಗೆ ಜಲ್ಲಿ.

ಪೂರ್ತಿ ಒಣಗಿದ ಕೋಕೋಪೀಟ್ ಬೇರೆ ಸಮಸ್ಯೆ. ಅದು ನೀರನ್ನೇ ತಳ್ಳುತ್ತದೆ. ಕುಂಡದ ಅಂಚಿನಿಂದ ನೀರು ಜಾರಿ ತಟ್ಟೆಗೆ ಬರುತ್ತದೆ, ನಡುವೆ ಬೇರು ಒಣಗಿಯೇ ಇರುತ್ತದೆ. ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ.

ಮೇ ತಿಂಗಳ ಗುಡುಗು ಮಳೆಗೆ ಒಣ ಮಣ್ಣು ಎಲ್ಲ ನೀರನ್ನೂ ಹೀರಬೇಕಿತ್ತಲ್ಲ? ರಸ್ತೆಗೆ ಯಾಕೆ ಹರಿಯುತ್ತದೆ?

ಮೊದಲ ಕೆಲವು ನಿಮಿಷ ಹೀರುತ್ತದೆ. ಆಮೇಲೆ ಸೋಲುತ್ತದೆ. 1911ರಲ್ಲಿ ಆಸ್ಟ್ರೇಲಿಯಾದ ಗ್ರೀನ್ ಮತ್ತು ಆಂಪ್ಟ್ ಕೊಟ್ಟ ಸರಳ ಲೆಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನೆಂದ ಮಣ್ಣಿನ ವಾಹಕತೆ ಗಂಟೆಗೆ 1 ಸೆಂ.ಮೀ. ಅಂದುಕೊಳ್ಳಿ. ನೆನೆಯುತ್ತಿರುವ ಅಂಚಿನ ಸಕ್ಷನ್ 10 ಸೆಂ.ಮೀ., ಒಣ ಮಣ್ಣಿನಲ್ಲಿ ಖಾಲಿ ಜಾಗ 25 ಪರ್ಸೆಂಟ್. 1 ಸೆಂ.ಮೀ. ನೀರು ಇಂಗುವ ಹೊತ್ತಿಗೆ ಇಂಗುವ ವೇಗ ಗಂಟೆಗೆ 3.5 ಸೆಂ.ಮೀ. 5 ಸೆಂ.ಮೀ. ಇಂಗಿದ ಮೇಲೆ 1.5. ಎಳೆಯುವ ಅಂಚು ಕೆಳಗೆ ಹೋದಷ್ಟೂ ಎಳೆತ ಸಡಿಲ.

ಗಂಟೆಗೆ 5 ಸೆಂ.ಮೀ. ಮಳೆ ಸುರಿದರೆ ಈ ಮಣ್ಣಿನ ಮೇಲೆ ಏಳೆಂಟು ನಿಮಿಷಕ್ಕೇ ನೀರು ನಿಲ್ಲತೊಡಗುತ್ತದೆ. ಇದು ಹದವಾಗಿ ಸಡಿಲ ಇರುವ ಮಣ್ಣಿನ ಮಾತು. ನಮ್ಮ ಕೆಂಪು ಮಣ್ಣಿನ ಮೇಲ್ಮೈ ಹನಿಯ ಏಟಿಗೆ ಹಪ್ಪಳಗಟ್ಟುತ್ತದೆ, ಒಣಗಿದರೆ ಗಟ್ಟಿಯಾಗುತ್ತದೆ. ಪಾರ್ಕಿಂಗ್‌ಗೆ ಕಾರು ಓಡಾಡಿದ ಮಣ್ಣಿನ ಬಗ್ಗೆ ಹೇಳುವುದೇ ಬೇಡ.

ಈ ವರ್ಷ ಇಂಗಿದ ಮಳೆ ಈ ವರ್ಷವೇ ಬೋರ್‌ವೆಲ್‌ಗೆ ಬರುತ್ತದಾ? ಇಂಗುಬಾವಿ ತೋಡಿದರೆ?

ಮಣ್ಣಿನ ಮೂಲಕವೇ ಇಳಿಯಬೇಕಾದರೆ ತುಂಬಾ ನಿಧಾನ. ಒಂದು ಅಂದಾಜು ನೋಡಿ. ಬೇರಿನ ಕೆಳಗೆ ವರ್ಷಕ್ಕೆ 100 ಮಿ.ಮೀ. ನೀರು ಇಳಿಯುತ್ತಿದೆ, ಮಣ್ಣಿನಲ್ಲಿ 25 ಪರ್ಸೆಂಟ್ ತೇವ ಇದೆ ಅಂದುಕೊಳ್ಳೋಣ. ಹೊಸ ನೀರು ಹಳೆ ನೀರನ್ನು ಕೆಳಗೆ ತಳ್ಳುತ್ತಾ ವರ್ಷಕ್ಕೆ 40 ಸೆಂ.ಮೀ. ಇಳಿಯುತ್ತದೆ. 10 ಮೀಟರ್ ದಾಟಲು 25 ವರ್ಷ. ಹಾಗಂತ ಅಂತರ್ಜಲದ ಮಟ್ಟ ಏರಲು 25 ವರ್ಷ ಕಾಯಬೇಕಿಲ್ಲ. ಮೇಲಿನ ತಳ್ಳಾಟ ಕೆಳಗೆ ಮುಟ್ಟುವುದು ನೀರಿಗಿಂತ ಬೇಗ, ಕೆಳಗೆ ಹೊರಬೀಳುವುದು ಹಳೆ ನೀರು. ಬೇರಿನ ದಾರಿ, ಕಲ್ಲಿನ ಬಿರುಕು ಇದ್ದರೆ ಇನ್ನೂ ಬೇಗ.

ಇಂಗುಬಾವಿಯ ಲಾಭ ಇಲ್ಲೇ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ರಿಂಗ್ ಬಾವಿ ಜೇಡಿ ಜಾಸ್ತಿ ಇರುವ ನಡು ಪದರವನ್ನು ದಾಟಿಸಿ ನೀರನ್ನು ಗರಸಿಗೆ, ಕೊಳೆತ ಕಲ್ಲಿಗೆ ನೇರ ಕೊಡುತ್ತದೆ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರು ಬೆಂಗಳೂರಿನಲ್ಲಿ ಈಗಲೂ ಈ ಕೆಲಸ ಮಾಡುತ್ತಾರೆ. ಯಾವ ಆಳದಲ್ಲಿ ಮಣ್ಣು ಬದಲಾಯಿತು ಅಂತ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಮಾಡೆಲ್‌ಗೆ ಬೇಕಾದ ಪದರಗಳ ಪಟ್ಟಿ, ಬೇರೆಲ್ಲೂ ಸಿಗುವುದಿಲ್ಲ. ಬಾವಿಗೆ ಬರುವ ನೀರಿನಲ್ಲಿ ಹೂಳು ಇದ್ದರೆ ತಳದಲ್ಲಿ ತೆಳು ಕೆಸರು ಕೂತು ಇಂಗುವ ವೇಗ ಬಿದ್ದುಹೋಗುತ್ತದೆ. ಮಾಡೆಲ್‌ನಲ್ಲಿ ಆ ಕೆಸರನ್ನೂ ಒಂದು ಪದರವಾಗಿ ಹಾಕಿ.

ಬೇಸಿಗೆಯಲ್ಲಿ ನೆಟ್ಟಗೆ ನಿಂತಿದ್ದ ಬೇಸ್‌ಮೆಂಟ್ ಗುಂಡಿಯ ಗೋಡೆ ಒಂದು ಮಳೆಗೆ ಯಾಕೆ ಕುಸಿಯುತ್ತದೆ?

ಗೋಡೆಯನ್ನು ಹಿಡಿದಿದ್ದದ್ದು ಸಕ್ಷನ್. ಮಳೆ ಅದನ್ನು ತೆಗೆದುಹಾಕಿತು. ಇದನ್ನು ತಿಳಿಯದೆ ಪ್ರಾಣ ಹೋಗುತ್ತವೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅರೆ ನೆಂದ ಮಣ್ಣಿನಲ್ಲಿ ನೀರು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಲೆಕ್ಕದಲ್ಲಿ ಅದು ಅಂಟುಬಲವಾಗಿ ಕಾಣುತ್ತದೆ. ಬಿಷಪ್ ಎಂಬ ಇಂಜಿನಿಯರ್ 1959ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು, ಕೆನಡಾದ ಫ್ರೆಡ್ಲಂಡ್ ಮತ್ತು ಜೊತೆಗಾರರು 1978ರಲ್ಲಿ ಸಕ್ಷನ್‌ಗೇ ಬೇರೆ ಕೋನ ಕೊಟ್ಟು ಬರೆದರು. ಬೇಸಿಗೆಯ ಕೆಂಪು ಮಣ್ಣಿಗೆ ಒಟ್ಟು ಅಂಟುಬಲ 15 ಕಿಲೋಪ್ಯಾಸ್ಕಲ್, ಘರ್ಷಣೆಯ ಕೋನ 30 ಡಿಗ್ರಿ, ಘನ ಮೀಟರ್‌ಗೆ ತೂಕ 18 ಕಿಲೋನ್ಯೂಟನ್ ಅಂತ ಇಟ್ಟುಕೊಳ್ಳಿ. ಪುಸ್ತಕದ ಸೂತ್ರದಲ್ಲಿ ನೆಟ್ಟಗೆ ಕಡಿದ ಗೋಡೆ 5.8 ಮೀಟರ್ ನಿಲ್ಲುತ್ತದೆ. ಮಳೆ ನೀರು ಇಳಿದು ಸಕ್ಷನ್ ಹೋಗಿ ಅಂಟುಬಲ 3ಕ್ಕೆ ಇಳಿದರೆ 1.2 ಮೀಟರ್ ಕೂಡ ಇಲ್ಲ. ಅದೇ ಮಣ್ಣು, ಅದೇ ಗೋಡೆ.

ಸೈಟಿನವರು ಹೇಳುವುದು ಯಾವಾಗಲೂ ಒಂದೇ: ತಿಂಗಳಿಂದ ನಿಂತಿದೆ ಸಾರ್, ಏನೂ ಆಗಲ್ಲ. ತಿಂಗಳಿಂದ ನಿಂತಿದ್ದು ಒಣಗಿದ್ದರಿಂದ. ಆಸರೆ ಕೊಡದೆ ಜನರನ್ನು ಕೆಳಗಿಳಿಸಬೇಡಿ. ಅಂಚಿನಲ್ಲಿ ನೀರು ನಿಲ್ಲಲು, ಪಕ್ಕದ ಪೈಪ್ ಸೋರಲು ಬಿಡಬೇಡಿ. ಪೈಪಿನ ಸೋರಿಕೆಗೆ ಮಳೆಗಾಲ ಬೇಕಿಲ್ಲ.

ರಿಚರ್ಡ್ಸ್ ಸಮೀಕರಣ ಬಿಡಿಸುವ ತಂತ್ರಾಂಶ ಹೈಡ್ರಸ್ ಓಡಿಸಿದೆ, ನಡುವೆ ನಿಂತುಹೋಗುತ್ತದೆ. ಏನು ಮಾಡಲಿ?

ಬೈಯುವ ಮೊದಲು ಮೇಲಿನ ಪದರ ನೋಡಿ. ತುಂಬಾ ಒಣಗಿದ ಮಣ್ಣಿಗೆ ಒಮ್ಮೆಲೇ ಜೋರು ಮಳೆ ಬಿಟ್ಟರೆ ನೆನೆಯುವ ಅಂಚು ಗೋಡೆಯಂತೆ ಕಡಿದಾಗಿರುತ್ತದೆ. 10 ಸೆಂ.ಮೀ. ಅಂತರದ ಲೆಕ್ಕದ ಬಿಂದುಗಳಿಗೆ ಅದು ಕಾಣುವುದೇ ಇಲ್ಲ. ಮೇಲ್ಭಾಗದಲ್ಲಿ ಅಂತರವನ್ನು 1 ಸೆಂ.ಮೀ. ಅಥವಾ ಅದಕ್ಕೂ ಕಡಿಮೆ ಮಾಡಿ, ಕೆಳಗೆ ಹೋದಂತೆ ಹಿಗ್ಗಿಸಿ. ದಿನದ ಮಳೆಯನ್ನು 24 ಗಂಟೆಗೆ ಹರಡಬೇಡಿ. ನಮ್ಮೂರಿನ ಮಳೆ ಸಂಜೆ ಒಂದೆರಡು ಗಂಟೆಯಲ್ಲಿ ಬಿದ್ದು ಮುಗಿಯುವಂಥದ್ದು. ಹರಡಿದರೆ ಹರಿದು ಹೋಗಬೇಕಾದ ನೀರೆಲ್ಲ ಇಂಗಿಬಿಡುತ್ತದೆ, ಮಾಡೆಲ್ ಚಂದವಾಗಿ ಓಡುತ್ತದೆ, ಉತ್ತರ ತಪ್ಪು.

ಎನ್ ಒಂದಕ್ಕೆ ಹತ್ತಿರ ಇರುವ ಜೇಡಿಗೆ ಗಾಳಿ ನುಗ್ಗುವ ಬಿಂದುವನ್ನು 2 ಸೆಂ.ಮೀ.ಗೆ ಇಡುವ ಆಯ್ಕೆ ಇದೆ, ಅದನ್ನು ಬಳಸಿ. ಸ್ವಂತವಾಗಿ ಕೋಡ್ ಬರೆಯುತ್ತಿದ್ದರೆ ಸೀಲಿಯಾ ಮತ್ತು ಜೊತೆಗಾರರು 1990ರಲ್ಲಿ ತೋರಿಸಿದ, ತೇವ ಮತ್ತು ಸಕ್ಷನ್ ಎರಡೂ ಇರುವ ಮಿಶ್ರ ರೂಪದಲ್ಲೇ ಬರೆಯಿರಿ. ಬರೀ ಸಕ್ಷನ್ ರೂಪದಲ್ಲಿ ಬರೆದರೆ ನೀರು ಲೆಕ್ಕದಿಂದಲೇ ಸೋರಿಹೋಗುತ್ತದೆ. ನೀರಿನ ಜಮಾ ಖರ್ಚಿನ ತಪ್ಪು 1 ಪರ್ಸೆಂಟ್ ದಾಟಿದರೆ ಚಿತ್ರ ಎಷ್ಟೇ ಸುಂದರ ಇದ್ದರೂ ನಂಬಬೇಡಿ.

ಕೆಳ ಅಂಚಿಗೆ ಏನು ಕೊಡುವುದು ಅಂತಲೂ ಕೇಳುತ್ತಾರೆ. ಅಂತರ್ಜಲ ಆಳದಲ್ಲಿದ್ದರೆ ಮುಕ್ತ ಬಸಿತ ಸಾಕು, ಅಂದರೆ ನೀರು ಗುರುತ್ವದಿಂದ ತಾನೇ ಕೆಳಗಿಳಿಯಲು ಬಿಡುವುದು. ಹಳೆ ಕೆರೆ ಅಂಗಳದಲ್ಲಿ ಎದ್ದ ಬಡಾವಣೆಯಾದರೆ ಬೇಡ, ಅಲ್ಲಿ ನೀರಿನ ಮಟ್ಟವನ್ನೇ ಅಳೆದು ಹಾಕಿ. ಶುರುವಿನ ತೇವ ಗೊತ್ತಿಲ್ಲದಿದ್ದರೆ ಒಂದೇ ವರ್ಷದ ಹವಾಮಾನವನ್ನು ಮತ್ತೆ ಮತ್ತೆ ಓಡಿಸಿ, ಎರಡು ಸುತ್ತಿನ ಉತ್ತರ ಒಂದೇ ಆಗುವವರೆಗೆ.

ನೆನೆಯುವಾಗ ಒಂದು ಗೆರೆ, ಒಣಗುವಾಗ ಒಂದು ಗೆರೆ ಅಂತಾರೆ. ನಿಜವಾ?

ನಿಜ. ಹೇನ್ಸ್ 1930ರಲ್ಲೇ ತೋರಿಸಿದ್ದು. ಸಂದಿನ ಬಾಯಿ ಕಿರಿದು, ಹೊಟ್ಟೆ ಅಗಲ. ಖಾಲಿಯಾಗುವುದನ್ನು ಬಾಯಿ ತಡೆಯುತ್ತದೆ, ತುಂಬುವುದನ್ನು ಹೊಟ್ಟೆ ತಡೆಯುತ್ತದೆ. ಹಾಗಾಗಿ ಅದೇ ಸಕ್ಷನ್‌ನಲ್ಲಿ ಒಣಗುತ್ತಿರುವ ಮಣ್ಣಿನಲ್ಲಿ ನೀರು ಜಾಸ್ತಿ. ಡ್ರಿಪ್ ನೀರಾವರಿಯ ಲೆಕ್ಕಕ್ಕೆ ಇದು ಬೇಕು. ವರ್ಷದ ಒಟ್ಟು ಇಂಗುವಿಕೆಗೆ ಅಷ್ಟಾಗಿ ಬೇಡ.

ಹುತ್ತ, ಬೇರಿನ ದಾರಿ, ಬಿರುಕು ಇದ್ದರೆ?

ರಿಚರ್ಡ್ಸ್ ಸಮೀಕರಣ ಅಲ್ಲಿ ಕೈಕೊಡುತ್ತದೆ. ರಾಯಚೂರಿನ ಎರೆ ಭೂಮಿಯ ಬೇಸಿಗೆ ಬಿರುಕಿನಲ್ಲಿ ನೀರು ಮಣ್ಣನ್ನು ನೆನೆಸದೆ ನೇರ ಕೆಳಗೆ ಬೀಳುತ್ತದೆ. ಸಂದುಗಳನ್ನು ಎರಡು ಜಾಲವಾಗಿ ನೋಡುವ ಮಾಡೆಲ್‌ಗಳು ಇವೆ, ಆದರೆ ಅವು ಕೇಳುವ ಸಂಖ್ಯೆಗಳನ್ನು ಅಳೆಯುವುದು ಇನ್ನೂ ಕಷ್ಟ.

ರಾಗಿ ಹೊಲದಲ್ಲಿ ಎಡೆಕುಂಟೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಾ?

ಕಳೆಗೂ ಹೌದು, ನೀರಿಗೂ ಹೌದು. ಕುಂಟೆ ಹೊಡೆದಾಗ ಹಪ್ಪಳ ಒಡೆಯುತ್ತದೆ, ಮುಂದಿನ ಮಳೆ ಇಂಗುತ್ತದೆ. ಮೇಲಿನ ಸಡಿಲ ಮಣ್ಣು ಬೇಗ ಒಣಗಿ ಅದರ ವಾಹಕತೆ ಬಿದ್ದುಹೋಗುತ್ತದೆ. ಕೆಳಗಿನ ಪಸೆ ಮೇಲೆ ಬರುವ ದಾರಿ ಕಡಿಯುತ್ತದೆ. ಮಾಡೆಲ್‌ನಲ್ಲಿ ಮೇಲಿನ 4–5 ಸೆಂ.ಮೀ.ಗೆ ದೊಡ್ಡ ಆಲ್ಫಾ, ದೊಡ್ಡ ಎನ್ ಕೊಟ್ಟು ನೋಡಿ. ಆವಿಯಾಗುವುದು ಕಡಿಮೆಯಾಗುವುದು ಪರದೆ ಮೇಲೇ ಕಾಣುತ್ತದೆ. ಮಲ್ಚಿಂಗ್ ಶೀಟ್ ಬರುವ ಎಷ್ಟೋ ಮೊದಲಿನ ತಂತ್ರ ಇದು.

ಇಷ್ಟೆಲ್ಲ ಬೇಕಾ? ಎಕ್ಸೆಲ್‌ನಲ್ಲಿ ಬಕೆಟ್ ಲೆಕ್ಕ ಹಾಕಿದರೆ ಆಗಲ್ವಾ?

ಎಷ್ಟೋ ಕೆಲಸಕ್ಕೆ ಆಗುತ್ತದೆ. ತೋಟಕ್ಕೆ ಯಾವಾಗ ನೀರು ಬಿಡಬೇಕು ಅನ್ನುವುದಷ್ಟೇ ಪ್ರಶ್ನೆಯಾದರೆ ಬೇರಿನ ಆಳದ ಮಣ್ಣನ್ನು ಒಂದು ತೊಟ್ಟಿ ಅಂತ ಹಿಡಿಯಿರಿ. ಮಳೆ ಕೂಡಿಸಿ, ಗಿಡ ಕುಡಿದದ್ದು ಕಳೆಯಿರಿ, ತುಂಬಿ ಹೆಚ್ಚಾದದ್ದು ಕೆಳಗೆ ಹೋಯಿತು ಅನ್ನಿ. ಗುಂಡಿಯ ಗೋಡೆ, ಕುಂಡದ ತಳ, ಇಂಗುಬಾವಿ, ಪದರ ಪದರ ಮಣ್ಣು ಬಂದಾಗ ಮಾತ್ರ ಈ ಬಕೆಟ್ ಉತ್ತರ ಕೊಡುವುದಿಲ್ಲ.

ಬೆಂಗಳೂರಿನಲ್ಲಿ ಹೊಲದಲ್ಲೇ ಅಳೆಯಲು ಯಾವ ತಿಂಗಳು ಒಳ್ಳೆಯದು?

ಒಣಗುವ ಗೆರೆ ಬೇಕಾದರೆ ಹಿಂಗಾರು ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ. ಮಣ್ಣು ತುಂಬಿರುತ್ತದೆ, ಆಮೇಲೆ ಫೆಬ್ರವರಿವರೆಗೆ ಸಾಮಾನ್ಯವಾಗಿ ಅಡ್ಡ ಬರುವ ಮಳೆ ಕಡಿಮೆ. ಸೆನ್ಸರ್ ಮತ್ತು ಟೆನ್ಶಿಯೋಮೀಟರ್ ಎರಡನ್ನೂ ಒಂದೇ ಆಳದಲ್ಲಿ, ಒಂದು ಗೇಣು ಅಂತರದಲ್ಲಿ ಹೂಳಿದರೆ ಗೆರೆ ತಾನೇ ಮೂಡುತ್ತಾ ಹೋಗುತ್ತದೆ. ನೆನೆಯುವ ಗೆರೆಗೆ ಏಪ್ರಿಲ್, ಮೇ ಮಳೆ ಹಿಡಿಯಿರಿ. ಟೆನ್ಶಿಯೋಮೀಟರ್ ಅಷ್ಟರಲ್ಲಿ ಗಾಳಿ ಹಿಡಿದಿರುತ್ತದೆ, ಮೊದಲ ಮಳೆಯ ಹಿಂದಿನ ದಿನ ನೀರು ತುಂಬಿಸಬೇಕು. ಆ ದಿನ ಯಾವುದು ಅಂತ ನನ್ನನ್ನು ಕೇಳಬೇಡಿ, ಮಾರ್ಚ್ ಕೊನೆಯಿಂದಲೇ ವಾರಕ್ಕೊಮ್ಮೆ ತುಂಬಿಸುತ್ತಿರಿ.